ಮೂರನೇ ಕ್ಲಾಸಿನ ಮುತ್ತುರಾಜ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಉಪ್ಪಿನಕಾಯಿಗೆ ಬೂಷ್ಟು ಹಿಡಿದದ್ದಕ್ಕೂ, ಸೊಸೆ ಮುನಿಸಿಕೊಂಡು ತವರಿಗೆ ಹೋದದ್ದಕ್ಕೂ ಮುಂದಿನ ಪಕ್ಷ ಖಂಡಿತ ಉತ್ತರ ಹೇಳ್ತೀನಿ.

ಬರೆದವರು ಹೆಸರು, ಊರು ಬೇಡ ಅಂದಿದ್ದಾರೆ. ಅವರ ಮಗ ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಹೆಚ್ಚು ದಿನ ಉಳಿದಿಲ್ಲ, ಹುಡುಗ ಪುಸ್ತಕ ಮುಟ್ಟೋದಿಲ್ಲ. ಬೆಳಗಾದರೆ ಕನ್ನಡಿ ಮುಂದೆ ನಿಲ್ಲೋದು, ಮೊಬೈಲಿನಲ್ಲಿ ರೀಲ್ಸ್ ಮಾಡೋದು, ಬೆಂಗಳೂರಿಗೆ ಹೋಗಿ ಆಕ್ಟರ್ ಆಗ್ತೀನಿ ಅನ್ನೋದು. ಅಪ್ಪ ಗದರಿದರೆ, “ರಾಜ್‌ಕುಮಾರ್ ಓದಿದ್ದು ಮೂರನೇ ಕ್ಲಾಸು. ಅವರಿಗೆ ಯೂನಿವರ್ಸಿಟಿಯವರೇ ಕರೆದು ಡಾಕ್ಟರ್ ಅನ್ನಲಿಲ್ವಾ?” ಅಂತ ಎದುರು ಜವಾಬು. ಅಪ್ಪ ಮಗ ಮಾತು ಬಿಟ್ಟು ಹದಿನೈದು ದಿನವಾಯಿತಂತೆ. ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ತಟ್ಟೆ ಇಟ್ಟು ಈಕೆಗೆ ಸಾಕಾಗಿದೆ. “ಅಕ್ಕಾ, ಅವನ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿ” ಅಂತ ಕೇಳಿದ್ದಾರೆ.

ನಾನೇನೂ ಪಂಡಿತೆಯಲ್ಲ ತಾಯಿ. ನನ್ನ ಓದೂ ಹೈಸ್ಕೂಲಿಗೇ ನಿಂತದ್ದು. ಆದರೆ ಈ ಪ್ರಶ್ನೆ ಸರಿಯಾದ ಊರಿಗೇ ಬಂದಿದೆ. ಯಾಕೆ ಅಂತೀರಾ? ಅಣ್ಣಾವ್ರು ಅಂದರೆ ಎಲ್ಲರೂ ಗಾಜನೂರು ಅಂತಾರೆ. ಅವರ ಹೆಸರಿನ ಮುಂದಿದ್ದ ಊರು ಯಾವುದು ಗೊತ್ತೆ? ಸಿಂಗಾನಲ್ಲೂರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು, ಅದು ಪೂರ್ತಿ ಹೆಸರು. ಆ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯದು, ನಮ್ಮ ಕಾಮಗೆರೆಯ ನೆರೆಯೂರು. ಗಾಜನೂರು ಈಗ ತಮಿಳುನಾಡಿನ ತಾಳವಾಡಿ ಕಡೆ ಸೇರಿಕೊಂಡಿದೆ, ನಾವು ಕರ್ನಾಟಕದಲ್ಲಿದ್ದೇವೆ. 1929ರ ಏಪ್ರಿಲ್ 24ರಂದು ಆ ಮಗು ಹುಟ್ಟಿದಾಗ ಮಾತ್ರ ಎರಡೂ ಊರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಕಾವೇರಿ ದಂಡೆಯ ಮುತ್ತತ್ತಿರಾಯನ ಹೆಸರಿಟ್ಟು ಮುತ್ತುರಾಜ ಅಂತ ಕರೆದರು. ನಮ್ಮ ಕಡೆ ಈಗಲೂ ಮುತ್ತುರಾಜ, ಮುತ್ತಮ್ಮ, ಮಾದೇವ, ಸಿದ್ದರಾಜು ಅನ್ನೋ ಹೆಸರುಗಳು ಬೀದಿಗೆ ನಾಲ್ಕು ಸಿಕ್ಕುತ್ತವೆ.

ಈಗ ಆ ಮೂರನೇ ಕ್ಲಾಸಿನ ಮಾತಿಗೆ ಬರ್ತೀನಿ. ಹುಡುಗ ಹೇಳಿದ್ದು ಸುಳ್ಳಲ್ಲ. ಎಂಟು ವರ್ಷದ ಮುತ್ತುರಾಜ ಶಾಲೆ ಬಿಟ್ಟದ್ದು ನಿಜ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಗೌರವ ಡಾಕ್ಟರೇಟ್ ಕೊಟ್ಟದ್ದೂ ನಿಜ. ನಡುವೆ ಹೆಚ್ಚು ಕಡಿಮೆ ನಲವತ್ತು ವರ್ಷ ಇದೆಯಲ್ಲ, ಅದನ್ನು ಮಾತ್ರ ನಿಮ್ಮ ಮಗ ನುಂಗಿಬಿಟ್ಟಿದ್ದಾನೆ!

ಶಾಲೆ ಬಿಟ್ಟು ಹುಡುಗ ಎಲ್ಲಿಗೆ ಹೋದ? ಗುಬ್ಬಿ ಕಂಪನಿಗೆ. ಅಪ್ಪ ಪುಟ್ಟಸ್ವಾಮಯ್ಯನವರು ಆಗಲೇ ಅಲ್ಲಿ ನಟರು. ರೌದ್ರ ಪಾತ್ರ ಅಂದರೆ ಅವರೇ ಅನ್ನುವಷ್ಟು ಹೆಸರು. ಗುಬ್ಬಿ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಅಂತ ಅದರ ಉದ್ದನೆಯ ಹೆಸರು, ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಅದನ್ನು ಎಷ್ಟು ಬೆಳೆಸಿದರೆಂದರೆ ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ್ದರು. ಹೆಂಗಸರ ಪಾತ್ರವನ್ನು ಗಂಡಸರೇ ಸೀರೆಯುಟ್ಟು ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನೇ ರಂಗಕ್ಕೆ ಕರೆತಂದವರಲ್ಲಿ ಅವರೂ ಒಬ್ಬರು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಇವರೆಲ್ಲ ಆ ಕಂಪನಿಯ ಹೆಸರು ಹೊತ್ತವರು. ನಮ್ಮ ಪುಟದಲ್ಲಿ ಇವರ ಬಗ್ಗೆಯೇ ಒಂದು ದಿನ ಬರೀಬೇಕು. ಸುಮ್ಮನೆ ಒಂದು ಸಾಲಿನಲ್ಲಿ ದಾಟಿಸೋ ಹೆಂಗಸರಲ್ಲ ಅವರು.

ಕಂಪನಿಯ ಬಾಳು ಅಂದರೆ ಏನಂತ ಈಗಿನ ಮಕ್ಕಳಿಗೆ ತಿಳಿಯದು. ಒಂದು ಊರಿಗೆ ಹೋದರೆ ಅಲ್ಲೇ ತಿಂಗಳುಗಟ್ಟಲೆ ಕ್ಯಾಂಪು. ಪರದೆಗಳು, ಪೆಟ್ಟಿಗೆಗಳು, ಹಾರ್ಮೋನಿಯಂ, ಕಿರೀಟ, ಗದೆ, ಅಡಿಗೆಯ ಪಾತ್ರೆ, ಹೆಂಡತಿ ಮಕ್ಕಳು ಎಲ್ಲ ಜೊತೆಗೆ. ರಾತ್ರಿ ಊಟವಾದ ಮೇಲೆ ಶುರುವಾದ ಆಟ ಮುಗಿಯೋ ಹೊತ್ತಿಗೆ ಅರ್ಧ ರಾತ್ರಿ ಎಂದೋ ಕಳೆದಿರೋದು. ಹಗಲು ತಾಲೀಮು. ಶ್ರುತಿ ಹಿಡಿದು ಹಾಡಬೇಕು, ಕಂದ ಪದ್ಯ ಬಾಯಿಪಾಠ ಆಗಬೇಕು, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಮೇಷ್ಟ್ರ ಕೈಲಿ ಏಟು. ಕಟ್ಟಕಡೆಯ ನೆಲದ ಮೇಲೆ ಕೂತ ನಾಲ್ಕಾಣೆಯವನಿಗೂ ಮಾತು ಕೇಳಿಸಬೇಕು. ದೊಡ್ಡ ನಟನಿಗೆ ಜ್ವರ ಬಂದರೆ ಆ ದಿನ ಅವನ ಪಾತ್ರಕ್ಕೆ ಇನ್ನೊಬ್ಬ ನಿಲ್ಲಬೇಕು. ಅದಕ್ಕೇ ಅಲ್ಲಿದ್ದವರಿಗೆ ತಮ್ಮ ಪಾತ್ರ ಒಂದೇ ಅಲ್ಲ, ಇಡೀ ನಾಟಕವೇ ಬಾಯಿಗೆ ಬರುತ್ತಿತ್ತು. ಇದನ್ನು ಶಾಲೆ ಬಿಟ್ಟದ್ದು ಅಂತ ಕರೆಯೋದಾದರೆ, ಆ ಶಾಲೆಗಿಂತ ಇದರ ಗಂಟೆ ಬೇಗ ಹೊಡೀತಿತ್ತು, ಬಿಡೋದು ತಡವಾಗ್ತಿತ್ತು.

ಇನ್ನೊಂದು ಕಷ್ಟ ಇದೆ. ಚಿಕ್ಕ ಹುಡುಗರಿಗೆ ಕಂಪನಿಯಲ್ಲಿ ಬಾಲಕೃಷ್ಣ, ಪ್ರಹ್ಲಾದ, ಲೋಹಿತಾಶ್ವ ಹೀಗೆ ಪಾತ್ರಗಳು ಸಿಕ್ಕುತ್ತವೆ. ಹದಿನಾಲ್ಕು ಹದಿನೈದಕ್ಕೆ ಕಂಠ ಒಡೆಯುತ್ತದೆ ನೋಡಿ, ಆಗ ಹುಡುಗ ಅತ್ತ ಬಾಲಕನೂ ಅಲ್ಲ, ಇತ್ತ ಗಂಡಸೂ ಅಲ್ಲ. ಎಷ್ಟೋ ಹುಡುಗರು ಅಲ್ಲಿಗೇ ಮನೆ ದಾರಿ ಹಿಡಿಯುತ್ತಿದ್ದರು. ಮುತ್ತುರಾಜ ಹಿಡಿಯಲಿಲ್ಲ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿ ಬಿಟ್ಟು ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಸಾಹಿತ್ಯ ಸಾಮ್ರಾಜ್ಯ ಕಂಪನಿ ಸೇರಿದಾಗ ಮಗನೂ ಜೊತೆಗಿದ್ದ. ನಾಯ್ಡು ಅವರು ಯಾರೆಂದು ಹಿರಿಯರಿಗೆ ಹೇಳಬೇಕಿಲ್ಲ, 1934ರಲ್ಲಿ ಬಂದ ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ದ ನಾಯಕ. ಅದರಲ್ಲಿ ರಾವಣನಾಗಿದ್ದವರು ಆರ್. ನಾಗೇಂದ್ರರಾಯರು. ತ್ರಿವೇಣಿ ಅವರ ಕಾದಂಬರಿಯಿಂದ ಮಾಡಿದ ‘ಹಣ್ಣೆಲೆ ಚಿಗುರಿದಾಗ’ ನೋಡಿದ್ದೀರಲ್ಲ, ಅದರ ಯಜಮಾನರು ಅವರೇ. ಆ ಕಾಲದ ದೊಡ್ಡ ದೊಡ್ಡವರೆಲ್ಲ ಹೀಗೆ ನಾಟಕದ ಪೆಟ್ಟಿಗೆ ಹೊತ್ತೇ ಸಿನಿಮಾಕ್ಕೆ ಬಂದವರು.

ಸಿನಿಮಾ ಹುಡುಗನಿಗೂ ಕೈಗೆ ತಾಕಿ ತಾಕಿ ಹೋಯಿತು. 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಒಂದು ಸಣ್ಣ ವೇಷ. ಹತ್ತು ವರ್ಷ ಬಿಟ್ಟು 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರು. ಗಡ್ಡ ಮೀಸೆ ಅಂಟಿಸಿಕೊಂಡ ಏಳು ಜನರಲ್ಲಿ ಯಾರು ಯಾರನ್ನು ಗುರುತು ಹಿಡೀತಾರೆ! ಆ ಹೊತ್ತಿಗೆ ಮನೆಯಲ್ಲೂ ಕಷ್ಟ. 1951ರಲ್ಲಿ ಅಪ್ಪ ತೀರಿಕೊಂಡರು. ತಾಯಿ ಲಕ್ಷ್ಮಮ್ಮನವರು, ತಮ್ಮ ವರದರಾಜು, ಇಬ್ಬರು ತಂಗಿಯರು. ಹಿರಿಮಗನಿಗೆ ಇಪ್ಪತ್ತೆರಡು ವರ್ಷ. ಈ ವಯಸ್ಸಿನಲ್ಲಿ ‘ಕಲೆ ಬೇಡ, ಎಲ್ಲಾದರೂ ಕೂಲಿಗೆ ಹೋಗು’ ಅಂತ ಹತ್ತು ಜನ ಹೇಳೋ ಕಾಲ.

1953ರ ಜೂನ್ 25ರಂದು ನಂಜನಗೂಡಿನಲ್ಲಿ ಮದುವೆ. ಹುಡುಗಿ ಸಾಲಿಗ್ರಾಮದ ಪಾರ್ವತಮ್ಮ, ಸೋದರಮಾವ ಅಪ್ಪಾಜಿಗೌಡರ ಮಗಳು, ಹದಿನಾಲ್ಕೂ ತುಂಬಿರಲಿಲ್ಲ. ಆಗ ಅದು ವಾಡಿಕೆ. ಈಗ ಯಾರಾದರೂ ಅಷ್ಟು ಚಿಕ್ಕ ಹುಡುಗಿಗೆ ಮದುವೆ ಮಾಡ್ತೀನಿ ಅಂದರೆ ನಾನೇ ಮೊದಲು ಪೊಲೀಸಿಗೆ ಫೋನು ಮಾಡ್ತೀನಿ, ಆ ಮಾತು ಬೇರೆ.

ಮದುವೆಯಾದ ಮರುವರ್ಷವೇ ‘ಬೇಡರ ಕಣ್ಣಪ್ಪ’. ಗುಬ್ಬಿಯವರು ಮದರಾಸಿನ ಎ.ವಿ.ಎಂ. ಜೊತೆ ಸೇರಿ ಮಾಡಿದ ಚಿತ್ರ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ನಾಟಕದ ಹುಡುಗನನ್ನು ಆರಿಸಿ ಕಣ್ಣಪ್ಪನ ಪಾತ್ರ ಕೊಟ್ಟರು, ರಾಜ್‌ಕುಮಾರ್ ಅಂತ ಹೆಸರಿಟ್ಟರು. ಜೊತೆಗೆ ಪಂಡರಿಬಾಯಿ, ನರಸಿಂಹರಾಜು, ಜಿ.ವಿ. ಅಯ್ಯರ್. ಓದು ಬರಹ ಅರಿಯದ ಬೇಡ ಬಾಯಲ್ಲಿ ನೀರು ತಂದು ಶಿವನಿಗೆ ಅಭಿಷೇಕ ಮಾಡ್ತಾನೆ, ಕಡೆಗೆ ತನ್ನ ಕಣ್ಣನ್ನೇ ಕಿತ್ತು ಕೊಡ್ತಾನೆ. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆದಾಗಲೂ ಇವರೇ ಕಣ್ಣಪ್ಪ. ಅವರು ನಾಯಕರಾಗಿ ಮಾಡಿದ ಬೇರೆ ಭಾಷೆಯ ಚಿತ್ರ ಅದೊಂದೇ. ಇಷ್ಟೆಲ್ಲ ಆಗುವಾಗ ಪುಟ್ಟಸ್ವಾಮಯ್ಯನವರು ಇರಲಿಲ್ಲ. ಮೂರು ವರ್ಷ, ಸೋದರಿಯರೇ. ಮೂರೇ ವರ್ಷ ಹೆಚ್ಚು ಬದುಕಿದ್ದರೆ ಮಗನನ್ನು ಅಷ್ಟಗಲ ಪರದೆಯ ಮೇಲೆ ನೋಡುತ್ತಿದ್ದರು. ನನಗೆ ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಇಲ್ಲಿಗೆ ಕಥೆ ಸುಖವಾಯಿತು ಅಂದುಕೊಳ್ಳಬೇಡಿ. ನಿಮ್ಮ ಮಗನಿಗೆ ಮುಖ್ಯವಾಗಿ ಹೇಳಬೇಕಾದ್ದು ಈ ಭಾಗ. ಚಿತ್ರ ಗೆದ್ದಿತು, ಹೆಸರು ಬಂತು, ಆದರೂ ಕೈ ತುಂಬ ಕೆಲಸ ಇಲ್ಲ! ಆಗ ವರ್ಷಕ್ಕೆ ಬರುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಮಾಡುತ್ತಿದ್ದದ್ದೂ ಮದರಾಸಿನಲ್ಲಿ. ಆಮೇಲೆ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ಆಡುತ್ತಾ ಹೊರಟರು. ನಾಯಕನಟನಾದ ಮೇಲೂ ಮತ್ತೆ ಪೆಟ್ಟಿಗೆ, ಮತ್ತೆ ಪರದೆ. ನಾನೀಗ ಸಿನಿಮಾದವನು, ಬೀದಿ ಊರುಗಳಲ್ಲಿ ಬಣ್ಣ ಹಚ್ಚಲ್ಲ ಅನ್ನಲಿಲ್ಲ. ಆ ಸಂಘದವರೇ ಕೂಡಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಅದರ ನಂತರವೇ ವರ್ಷಕ್ಕೆ ಆರೇಳು ಹತ್ತು ಚಿತ್ರಗಳ ಕಾಲ ಬಂದದ್ದು.

ಇನ್ನು ಪಾತ್ರಗಳ ಮಾತು. ಇನ್ನೂರಕ್ಕೂ ಹೆಚ್ಚು ಚಿತ್ರ, ಪಟ್ಟಿ ಬರೆಯೋಕೆ ಕೂತರೆ ನನ್ನ ಒಲೆ ಮೇಲಿನ ಹಾಲು ಉಕ್ಕುತ್ತದೆ. ಆದರೆ ಒಂದು ವಿಷಯ ಗಮನಿಸಿ. ಭಕ್ತನಾಗಿ ಗೆದ್ದವರನ್ನು ಜನ ಭಕ್ತನ ಪಾತ್ರಕ್ಕೇ ಕಟ್ಟಿ ಹಾಕಿಬಿಡುತ್ತಾರೆ. ಇವರು 1958ರ ‘ಭೂಕೈಲಾಸ’ದಲ್ಲಿ ರಾವಣನಾದರು, ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರನೇ ಆದರು. 1960ರಲ್ಲಿ ಕನಕದಾಸ. 1961ರ ‘ಕಣ್ತೆರೆದು ನೋಡು’ನಲ್ಲಿ ಕುರುಡ ಹಾಡುಗಾರ. 1964ರ ‘ನಾಂದಿ’ಯಲ್ಲಿ ಕಿವಿ ಕೇಳದ, ಮಾತು ಬಾರದ ಹೆಂಡತಿಯ ಗಂಡನಾಗಿ ಒಬ್ಬ ಸಾಮಾನ್ಯ ಮೇಷ್ಟ್ರು. ಅಲ್ಲಿ ಗದೆಯೂ ಇಲ್ಲ, ಕಿರೀಟವೂ ಇಲ್ಲ, ದನಿ ಎತ್ತಿ ಒಂದು ಮಾತೂ ಇಲ್ಲ. ನನ್ನ ಕೇಳಿದರೆ ಅವರ ಪಾತ್ರಗಳಲ್ಲಿ ಹೆಂಗಸರು ಮೊದಲು ನೋಡಬೇಕಾದದ್ದು ಇದನ್ನೇ. ಮಾತನಾಡಲಾರದ ಹೆಂಡತಿಯ ಜೊತೆ ಹೇಗೆ ಬಾಳಬೇಕು ಅಂತ ಆ ಮೇಷ್ಟ್ರು ಕಲಿಯುತ್ತಾನೆ. ಮಾತು ಬರುವ ಹೆಂಡತಿಯ ಜೊತೆಗೂ ಬಾಳಲು ಬಾರದ ಗಂಡಸರು ಎಷ್ಟು ಜನ ಇಲ್ಲ ಹೇಳಿ!

1968ರ ‘ಜೇಡರ ಬಲೆ’ಯಲ್ಲಿ ಕೋಟು ಬೂಟು ಹಾಕಿದ ಪತ್ತೇದಾರ. 1972ರ ‘ಬಂಗಾರದ ಮನುಷ್ಯ’ದಲ್ಲಿ ಅಕ್ಕನ ಸಂಸಾರ ಎತ್ತಿ ನಿಲ್ಲಿಸುವ ರಾಜೀವ. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬಂದು ಬೇಸಾಯ ಹಿಡಿದವರ ಕಥೆಗಳನ್ನು ಜನ ಇವತ್ತಿಗೂ ಹೇಳ್ತಾರೆ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಅವನಿಗೆ ಎದುರು ನಿಲ್ಲುವ ಮಗನೂ ಅವರೇ. ಅದೇ ವರ್ಷ ‘ಸನಾದಿ ಅಪ್ಪಣ್ಣ’. ಶಹನಾಯಿ ನುಡಿಸಿದವರು ಸಾಕ್ಷಾತ್ ಬಿಸ್ಮಿಲ್ಲಾ ಖಾನರು. ಪರದೆಯ ಮೇಲೆ ಇವರ ಬೆರಳು ನೋಡಿ, ಕೆನ್ನೆ ನೋಡಿ, ಊದುತ್ತಿರುವುದು ಇವರಲ್ಲ ಅಂತ ಅನ್ನಿಸೋದೇ ಇಲ್ಲ. ಕಂಪನಿಯಲ್ಲಿ ಹಾರ್ಮೋನಿಯಂ ಪಕ್ಕ ಕೂತು ತಾಳ ಹಾಕಿದ್ದು ಇಲ್ಲಿ ಕೆಲಸಕ್ಕೆ ಬಂತು ಅಂತ ನನ್ನ ಎಣಿಕೆ.

ಹಾಡಿನ ಸಂಗತಿ ಇನ್ನೂ ಸ್ವಾರಸ್ಯ. ನಾಟಕದಲ್ಲಿ ಹಾಡಿಕೊಂಡೇ ಬಂದವರಿಗೆ ಸಿನಿಮಾದಲ್ಲಿ ಬಹಳ ಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠ. ಆ ಎರಡು ದನಿ ಎಷ್ಟು ಹೊಂದಿಕೊಂಡಿತ್ತೆಂದರೆ ನಮ್ಮ ಮನೆಯ ಹಿರಿಯರು ರೇಡಿಯೋದಲ್ಲಿ ಪಿ.ಬಿ.ಎಸ್. ಹಾಡು ಬಂದರೆ ‘ರಾಜ್‌ಕುಮಾರ್ ಹಾಡ್ತಾನೆ’ ಅಂತಲೇ ಅನ್ನುತ್ತಿದ್ದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿದರು ನೋಡಿ, ಅಲ್ಲಿಂದ ಮುಂದೆ ತಮ್ಮ ಹಾಡು ತಾವೇ ಹಾಡುವುದು ರೂಢಿಯಾಯಿತು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ, ಅದೂ ಉತ್ತಮ ಗಾಯಕ ಅಂತ. ಆಗ ಅವರಿಗೆ ಅರವತ್ತು ದಾಟಿತ್ತು. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ರ ಫಾಲ್ಕೆ ಪ್ರಶಸ್ತಿ, ಇವೆಲ್ಲ ನಿಮಗೆ ಗೊತ್ತಿರುವಂಥದ್ದೇ.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಕಾಡಿಗೆ ಕರೆದೊಯ್ದದ್ದನ್ನು ನಾನು ಉದ್ದ ಮಾಡಿ ಬರೆಯುವುದಿಲ್ಲ. 108 ದಿನ. ನಮ್ಮ ಸೀಮೆಯವರಿಗೆ ಅದು ಬರೀ ಪೇಪರಿನ ಸುದ್ದಿಯಾಗಿರಲಿಲ್ಲ. ಎರಡು ವರ್ಷದ ಮೇಲೆ, 2002ರ ಆಗಸ್ಟಿನಲ್ಲಿ, ಮಾಜಿ ಮಂತ್ರಿ ನಾಗಪ್ಪನವರನ್ನು ಇದೇ ಕಾಮಗೆರೆಯಿಂದ ಕರೆದೊಯ್ದರು, ಅವರು ಜೀವಂತ ತಿರುಗಿ ಬರಲಿಲ್ಲ. ಅಣ್ಣಾವ್ರು ಬಂದರು. ಅಷ್ಟೇ ಸಾಕು.

ಈಗ ಆ ಹುಡುಗನ ತಾಯಿಗೆ ನೇರವಾಗಿ ನಾಲ್ಕು ಮಾತು. ಮಗನ ಆಸೆ ಕೆಟ್ಟದ್ದಲ್ಲ, ತಂಗಿ. ಅದನ್ನು ಹೊಡೆದು ಬಡಿದು ಮುರಿಯೋಕೆ ಹೋಗಬೇಡಿ, ನಿಮ್ಮ ಯಜಮಾನರಿಗೂ ಹೇಳಿ. ಆದರೆ ಅವನಿಗೊಂದು ಪ್ರಶ್ನೆ ಹಾಕಿ: ರಾಜ್‌ಕುಮಾರ್ ಶಾಲೆ ಬಿಟ್ಟಾಗ ಕೈ ಹಿಡಿದು ಕಲಿಸುವ ಅಪ್ಪ ಇದ್ದರು, ಗುಬ್ಬಿ ಕಂಪನಿ ಇತ್ತು. ನಿನಗೆ ಯಾವ ಕಂಪನಿ ಇದೆ? ಎಂಟಕ್ಕೆ ಶುರು ಮಾಡಿದವರಿಗೆ ಕಣ್ಣಪ್ಪನ ಪಾತ್ರ ಸಿಕ್ಕಿದ್ದು ಇಪ್ಪತ್ತೈದರಲ್ಲಿ. ನೀನು ಅಷ್ಟು ವರ್ಷ ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಲ್ಲೋಕೆ ತಯಾರಿದ್ದೀಯಾ?

ಈಗ ಆ ಕಂಪನಿಗಳಿಲ್ಲ, ನಿಜ. ಕಲಿಸುವ ಜಾಗಗಳು ಇವೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂನವರು 1980ರಿಂದ ನಾಟಕ ಕಲಿಸುತ್ತಾ ಬಂದಿದ್ದಾರೆ. ಮೈಸೂರಿನಲ್ಲಿ ರಂಗಾಯಣ ಇದೆ. ಬಿ.ವಿ. ಕಾರಂತರು 1989ರಲ್ಲಿ ಅದಕ್ಕೆ ಮೊದಲ ನಿರ್ದೇಶಕರು. ಅವರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರೇ. ಅವರು ಮುಂದೆ ಓದನ್ನು ಬಿಡಲಿಲ್ಲ, ಕಾಶಿಗೆ ಹೋಗಿ ಎಂ.ಎ. ಮಾಡಿದರು. ಇದನ್ನು ನಿಮ್ಮ ಮಗನಿಗೆ ಒತ್ತಿ ಹೇಳಿ, ಅವನ ಹತ್ತಿರ ಇರುವ ಒಂದೇ ಉದಾಹರಣೆಗೆ ಎದುರಾಗಿ ಇದೊಂದು ಇರಲಿ. ಇಂಥ ಕಡೆ ಸೇರಬೇಕಾದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕೇಳದೆ ಇರುತ್ತಾರೆಯೇ?

ಅಲ್ಲಿಯವರೆಗೆ ಕಾಯಬೇಕಿಲ್ಲ. ನಿಮ್ಮ ಕಡೆ ಹಬ್ಬಕ್ಕೆ ಊರವರು ‘ಕುರುಕ್ಷೇತ್ರ’ ಆಡುತ್ತಾರಲ್ಲವೆ? ನಮ್ಮಲ್ಲಿ ಈಗಲೂ ಡ್ರಾಮಾ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ಪಾತ್ರಕ್ಕೆ ಇಷ್ಟು ಅಂತ ತಾವೇ ದುಡ್ಡು ಹಾಕಿ ಆಡುತ್ತಾರೆ. ಬೇಸಾಯ ಮಾಡುವವರು, ರೇಷ್ಮೆ ಗೂಡಿನ ವ್ಯಾಪಾರದವರು, ಬಸ್ ಡ್ರೈವರು ಎಲ್ಲ ಇರ್ತಾರೆ. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ದುಡ್ಡು, ಅವನ ಹೆಂಡತಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು! ಪರೀಕ್ಷೆ ಮುಗಿದ ಮರುದಿನವೇ ಹುಡುಗನನ್ನು ಅಂಥ ಮೇಷ್ಟ್ರ ಹತ್ತಿರ ಬಿಡಿ. ಒಂದು ಕಂದ ಪದ್ಯ ಶ್ರುತಿಗೆ ಸೇರಿಸಿ ಹಾಡಲಿ. ಒಬ್ಬ ಸೇವಕನ ಪಾತ್ರ ಸಿಕ್ಕಿದರೂ ಸಾಕು. ಮೂರು ತಿಂಗಳು ನಿದ್ದೆಗೆಟ್ಟು ತಾಲೀಮಿಗೆ ಹೋದರೆ ಆಸೆ ಗಟ್ಟಿ ಅಂತ ತಿಳಿಯಿರಿ. ಎರಡನೇ ವಾರಕ್ಕೇ ಹೊಟ್ಟೆನೋವು ಅಂದರೆ, ಅದೂ ಒಂದು ಉತ್ತರವೇ.

ಪಾರ್ವತಮ್ಮನವರ ವಿಷಯ ಬಿಟ್ಟರೆ ನೀವು ನನ್ನನ್ನು ಬಿಡೋದಿಲ್ಲ. ಹದಿಮೂರಕ್ಕೆ ಮದುವೆಯಾಗಿ ಬಂದ ಆ ಹೆಣ್ಣುಮಗಳು 1975ರ ‘ತ್ರಿಮೂರ್ತಿ’ಯಿಂದ ಚಿತ್ರ ನಿರ್ಮಾಣಕ್ಕೆ ಇಳಿದು ಎಂಬತ್ತಕ್ಕೂ ಹೆಚ್ಚು ಚಿತ್ರ ಮಾಡಿದರು. ಸುಧಾರಾಣಿ, ಮಾಲಾಶ್ರೀ, ರಕ್ಷಿತಾ, ರಮ್ಯಾ ಇಂಥ ಹುಡುಗಿಯರನ್ನು ನಾಯಕಿಯರಾಗಿ ತಂದವರು ಅವರೇ. ಗಂಡ ಬಣ್ಣ ಹಚ್ಚಿದರೆ ಲೆಕ್ಕದ ಪುಸ್ತಕ ಇವರ ಕೈಯಲ್ಲಿ. 2017ರಲ್ಲಿ ತೀರಿಕೊಂಡರು. ಗಂಡನ ಹಾಗೆ ಇವರ ಕಣ್ಣುಗಳೂ ದಾನವಾದವು. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದಾಗ ಅವರ ಕಣ್ಣು ಕೊಟ್ಟದ್ದು, 2021ರಲ್ಲಿ ಮಗ ಪುನೀತ್ ಹೋದಾಗ ಜನ ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದ್ದು ನಿಮ್ಮೆಲ್ಲರಿಗೂ ನೆನಪಿರಬೇಕು.

ಕಡೆಗೊಂದು ಕೆಲಸ ಹೇಳ್ತೀನಿ. ಬರುವ ಭಾನುವಾರ ಅಡಿಗೆ ಬೇಗ ಮುಗಿಸಿ, ಅಪ್ಪ ಮಗ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, 1983ರ ‘ಭಕ್ತ ಪ್ರಹ್ಲಾದ’ ಹಾಕಿ. ಮೊಬೈಲಿನಲ್ಲಿ ಬೇಡ, ಟೀವಿಯಲ್ಲಿ. ಪ್ರಹ್ಲಾದನಾಗಿರುವ ಪುಟ್ಟ ಹುಡುಗ ಪುನೀತ್. ಹಿರಣ್ಯಕಶಿಪು ಅಣ್ಣಾವ್ರು. ಐವತ್ತನಾಲ್ಕರ ವಯಸ್ಸಿನಲ್ಲಿ ಆ ನಡಿಗೆ, ಆ ನಗು, ಆ ಉಸಿರಿನ ಉದ್ದ ನೋಡಿ. ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ನಾಟಕ ನೋಡಿದವರು ಈಗ ಯಾರೂ ಸಿಕ್ಕುವುದಿಲ್ಲ. ಕಂಪನಿ ನಾಟಕದ ರೌದ್ರ ಹೇಗಿತ್ತು ಅಂತ ತಿಳಿಯಬೇಕಾದರೆ ನಮಗೆ ಉಳಿದಿರೋದು ಇದೇ. ಕಂಬದ ಹತ್ತಿರ ಬಂದು ಅವರು ಗದೆ ಎತ್ತುವಾಗ ಸೌಂಡು ಸ್ವಲ್ಪ ಜಾಸ್ತಿ ಮಾಡಿ.